ದನ ಬೇರು ಕೀಳುವುದಿಲ್ಲ

ಬಿತ್ತದೆ ಹುಟ್ಟಿದ್ದಕ್ಕೆಲ್ಲ ನಮ್ಮ ಮನೆಯಲ್ಲಿ ಒಂದೇ ಹೆಸರು: ಕಸ. ಬೈಲಹೊಂಗಲದಿಂದ ಸಂಗೊಳ್ಳಿಗೆ ಹೋಗುವ ದಾರಿಯ ಎಡಬಲಕ್ಕೆ ನಮ್ಮ ಹೊಲಗಳಿದ್ದವು. ಜೋಳ, ಹತ್ತಿ, ಕಡಲೆ ಬಿಟ್ಟು ಬೇರೆ ಏನು ತಲೆ ಎತ್ತಿದರೂ ಆಳುಗಳ ಕುರುಪಿಗೆ ಆಹುತಿ. ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ ಮಾಡುತ್ತೇನೆ, ಕಾಡುಗಿಡಗಳ ಮೇಲೆ ಪ್ರಬಂಧ ಬರೆಯುತ್ತೇನೆ ಎಂದಾಗ ಅಪ್ಪ ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ ನಕ್ಕಿದ್ದ. "ಕಸಾ ಓದಾಕ ಧಾರವಾಡಕ್ಕ ಹೋಗಬೇಕೇನವಾ? ನಮ್ಮ ಹೊಲದಾಗ ಕೀಳಾಕ ಬಾ, ಕೂಲಿ ಕೊಡತೇನಿ" ಅಂದಿದ್ದ. ನನಗೆ ಸಿಟ್ಟು ಬಂದಿತ್ತು. ಅಪ್ಪನಿಗೆ ಕಸದ ಬೆಲೆ ತಿಳಿಯದು, ನನಗೆ ತಿಳಿದಿದೆ ಎಂಬ ಜಂಬ. ಆ ಜಂಬವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತವೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಸವದತ್ತಿ ಹತ್ತಿರ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ಕಾಲುವೆಯ ನೀರು ಹೊಲಗಳಿಗೆ ಇಳಿದಿತ್ತು. ಮಳೆ ನಂಬಿಕೊಂಡಿದ್ದ ಕಪ್ಪು ಎರಿ ಮಣ್ಣಿಗೆ ಒಮ್ಮೆಲೇ ಹೊಟ್ಟೆ ಬಿರಿಯುವಷ್ಟು ನೀರು. ಎರಿ ಮಣ್ಣು ಕುಡಿದದ್ದನ್ನು ಬೇಗ ಬಿಡುವುದಿಲ್ಲ. ನೀರು ಕೆಳಗೆ ನಿಂತಿತು, ಅಡಿಯಲ್ಲಿದ್ದ ಉಪ್ಪನ್ನು ಕರಗಿಸಿಕೊಂಡು ಬಿಸಿಲಿಗೆ ಮೇಲೆ ಬಂತು, ತಾನು ಆವಿಯಾಗಿ ಹೋಯಿತು. ಉಪ್ಪು ಮಾತ್ರ ಉಳಿಯಿತು. ತಗ್ಗಿನ ಹೊಲಗಳು ಬೇಸಿಗೆಯಲ್ಲಿ ಬೆಳ್ಳಗೆ ಕಾಣತೊಡಗಿದವು. ಜನ ಅದನ್ನು ಸವಳು ಎಂದರು. ಸವಳು ಭೂಮಿಯಲ್ಲಿ ಕಾಡುಗಿಡಗಳು ಹೇಗೆ ಮೊಳೆಯುತ್ತವೆ, ಹೇಗೆ ಬೆಳೆಯುತ್ತವೆ ಎಂಬುದು ನನಗೆ ಸಿಕ್ಕ ವಿಷಯ. ರಾಮದುರ್ಗದ ರಸ್ತೆಯಲ್ಲಿ, ಕಾಲುವೆ ಬದಿಯ ಒಂದು ಊರಿನಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ಮೇ ತಿಂಗಳಲ್ಲಿ ಟ್ರಂಕು, ವಿಭಾಗದ ಕ್ಯಾಮೆರಾ, ಗಾಜಿನ ತಟ್ಟೆಗಳನ್ನು ತೆಗೆದುಕೊಂಡು ಅಲ್ಲಿಗೆ ಹೋಗಿ ಇಳಿದೆ.

ಅತ್ತೆಯ ಗಂಡ, ನನ್ನ ಮಾಮಾ, ಊರಿನ ದೊಡ್ಡ ಹೊಲದವನು. ಕಾಲುವೆಗೆ ಹತ್ತಿಕೊಂಡ ಎತ್ತರದ ಹೊಲದಲ್ಲಿ ಕಬ್ಬು ಹಚ್ಚಿದ್ದ. ಅದರ ಕೆಳಗೆ, ಬಸಿ ನೀರೆಲ್ಲ ಹೋಗಿ ನಿಲ್ಲುವ ಜಾಗದಲ್ಲಿ, ಎರಡು ಎಕರೆಯ ಒಂದು ತುಂಡು. ಅದು ಊರ ಹೊರಗಿನ ಓಣಿಯ ಒಬ್ಬ ಹೆಣ್ಣುಮಗಳದು. ಗಂಡ ತೀರಿಕೊಂಡಿದ್ದ, ಮಗಳನ್ನು ಕಿತ್ತೂರಿನ ಹತ್ತಿರ ದೇಗಾಂವಕ್ಕೆ ಕೊಟ್ಟಿದ್ದಳು. ಅವರ ಮನೆತನ ಊರ ಚಾಕರಿ ಮಾಡಿದ್ದಕ್ಕೆ ಹಿಂದೆಂದೋ ಬಂದ ಹೊಲ ಅದು. ಚಾಕರಿ ಬಿಟ್ಟು ಅವರು ಬುದ್ಧನ ದಾರಿ ಹಿಡಿದು ಕೆಲ ವರ್ಷಗಳಾಗಿದ್ದವು. ಅತ್ತೆ ಅದನ್ನು ಆಡಿಕೊಂಡು ನಗುತ್ತಿದ್ದಳು, ಆದರೆ ಹಿತ್ತಲ ಗೂಡಿನಲ್ಲಿ ಅವರಿಗೆಂದೇ ಇಟ್ಟ ಅಲ್ಯುಮಿನಿಯಂ ಕಪ್ಪನ್ನು ಮಾತ್ರ ತೆಗೆದಿರಲಿಲ್ಲ. ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರೆ. ಆ ಊರಲ್ಲಿ ನೀರು ಕುಡಿದವನು ಮಾಮಾ, ಉಪ್ಪು ತಿಂದವಳು ಅವಳು.

ಸವಳು ಹೊಲ ಬೇಕೆಂದಾಗ ಮಾಮಾ ತೋರಿಸಿದ್ದು ಅದನ್ನೇ. "ಅದು ಸತ್ತ ಭೂಮಿ. ಏನ ಬೇಕಾದ್ದ ಮಾಡ್ಕೋ" ಅಂದ. ಅದು ಅವನ ಹೊಲವಲ್ಲ ಎಂಬುದು ಆ ಮಾತಿನಲ್ಲಿ ಎಲ್ಲೂ ಇರಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ದಿನ ಹೋದಾಗ ಅವಳು ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಸಲಿಕೆಯಿಂದ ಮೇಲಿನ ಬಿಳಿ ಪದರ ಹೆರೆಯುತ್ತಿದ್ದಳು. ಹೆರೆದದ್ದನ್ನು ಬುಟ್ಟಿಗೆ ತುಂಬಿ ಬದುವಿನ ಮೇಲೆ ಇಡುತ್ತಿದ್ದಳು. ಊರಿನ ಅಗಸರು ಬಂದು ಅದನ್ನು ಬಟ್ಟೆ ಒಗೆಯಲು ಒಯ್ಯುತ್ತಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಅವತ್ತು ಬರೆದುಕೊಂಡಿದ್ದೇನೆ: "ಸ್ಥಳೀಯರು ಸವಳು ಮಣ್ಣನ್ನು ಸೋಪಿನಂತೆ ಬಳಸುತ್ತಾರೆ." ಅಷ್ಟೇ. ಅವಳು ಯಾಕೆ ಒಂದು ಮೂಲೆಯಿಂದ ಶುರು ಮಾಡಿ, ಮಳೆಗೆ ಮುಂಚೆ ಅಷ್ಟನ್ನಾದರೂ ಹೆರೆದು ಮುಗಿಸಬೇಕೆಂದು ಹಟ ಹಿಡಿದಿದ್ದಾಳೆ ಎಂದು ನನಗೆ ಹೊಳೆಯಲಿಲ್ಲ.

ನನಗಿಂತ ಇಪ್ಪತ್ತು ವರ್ಷ ದೊಡ್ಡವಳು ನನಗೆ "ಅಕ್ಕಾರ" ಎನ್ನುತ್ತಿದ್ದಳು. ನಾನು ಅವಳಿಗೆ "ನೀ" ಎನ್ನುತ್ತಿದ್ದೆ. ಈಗ ಬರೆಯುವಾಗ "ಅವರು" ಎಂದು ತಿದ್ದಬಹುದಿತ್ತು. ಆಗ ಇಲ್ಲದ ಮರ್ಯಾದೆಯನ್ನು ಈಗ ಕಾಗದದ ಮೇಲೆ ತೋರಿಸಿಕೊಳ್ಳಲು ನಾಚಿಕೆಯಾಗುತ್ತದೆ, ಹಾಗೇ ಬಿಟ್ಟಿದ್ದೇನೆ.

ಜೂನ್‌ನಲ್ಲಿ ಮುಂಗಾರಿನ ಮೊದಲನೆಯದಾದ ಮಿರಗದ ಮಳೆ ಬಿತ್ತು. ಮರುದಿನದಿಂದಲೇ ನಾನು ಹೊಲದಲ್ಲಿ ಮಂಡಿಯೂರಿ ಮೊಳಕೆ ಹುಡುಕತೊಡಗಿದೆ. ಊರ ಬೇರೆ ಹೊಲಗಳ ಬದುಗಳೆಲ್ಲ ಹಸಿರಾದವು, ಇಲ್ಲಿ ಒಂದು ಎಳೆಯೂ ಇಲ್ಲ. ಒಂದು ವಾರ ನೋಡಿ, ಬೀಜಗಳು ಸತ್ತಿವೆ ಎಂದು ತೀರ್ಮಾನಿಸಿಬಿಟ್ಟೆ.

"ಮೊದಲನೇ ಮಳಿಗೆ ಹುಟ್ಟೂದಿಲ್ರಿ ಅಕ್ಕಾರ" ಅಂದಳು ಅವಳು, ಬದುವಿಗೆ ಮಣ್ಣು ಏರಿಸುತ್ತ. "ಮೊದಲನೇ ಮಳಿಗೆ ಉಪ್ಪು ಕರಗತೈತಿ, ಅಷ್ಟ. ಎರಡನೇದು ಅದನ್ನ ಕೆಳಗ ಇಳಸ್ತೈತಿ. ಮೂರನೇದಕ್ಕ ನೋಡ್ರಿ. ಬೀಜ ನಮಗಿಂತ ಶಾಣ್ಯಾ ಅದಾವ."

ನನ್ನ ಕೋಣೆಯ ಗಾಜಿನ ತಟ್ಟೆಗಳಲ್ಲಿಯೂ ಹಾಗೆಯೇ ಆಗುತ್ತಿತ್ತು. ಉಪ್ಪು ನೀರಿನಲ್ಲಿಟ್ಟ ಬೀಜ ಇಟ್ಟ ಹಾಗೇ ಇರುತ್ತಿತ್ತು. ತೊಳೆದು ಸಿಹಿ ನೀರಿಗೆ ಹಾಕಿದರೆ ಮೂರು ದಿನಕ್ಕೆ ಬಾಲ ತೋರಿಸುತ್ತಿತ್ತು. ಉಪ್ಪಿನಲ್ಲಿ ಬೀಜ ಸಾಯುವುದಿಲ್ಲ, ಕಾಯುತ್ತದೆ. ಇದನ್ನು ಕಂಡುಕೊಂಡೆ ಎಂದು ಪ್ರಬಂಧದಲ್ಲಿ ಬರೆದಿದ್ದೇನೆ. ಕಂಡುಕೊಂಡಿರಲಿಲ್ಲ, ಕೇಳಿಕೊಂಡಿದ್ದೆ.

ಮೂರನೆಯ ಮಳೆಗೆ, ಅವಳು ಹೆರೆದು ಬದು ಕಟ್ಟಿದ್ದ ಮೂಲೆಯಲ್ಲಿ ಮೊಳಕೆಗಳು ಬಂದವು. ಮೊದಲು ಒಂದು ಬೂದುಬಣ್ಣದ ಪುಟ್ಟ ಗಿಡ, ಎಲೆ ನೆಕ್ಕಿದರೆ ನಾಲಿಗೆಗೆ ಉಪ್ಪು ಹತ್ತುತ್ತಿತ್ತು. ಅದಕ್ಕೆ ನನ್ನ ಬಳಿ ಲ್ಯಾಟಿನ್ ಹೆಸರಿತ್ತು. ಅವಳು ಅದಕ್ಕೆ "ಮೊದಲನೇದು" ಎನ್ನುತ್ತಿದ್ದಳು. ಅದರ ನೆರಳಿನಲ್ಲಿ ಗೋಳಿ ಪಲ್ಯ, ಆಮೇಲೆ ಬದುವಿನಿಂದ ಹಬ್ಬಿ ಬಂದ ಕರಕಿ ಹುಲ್ಲು. ಹೆರೆಯದ ಕಡೆ ಅಲ್ಲೊಂದು ಇಲ್ಲೊಂದು ಗಿಡ, ಅದೂ ಬಡಕಲು. ಅವಳು ಆ ಮೂಲೆಯ ಒಂದು ಎಲೆಯನ್ನೂ ಕೀಳುತ್ತಿರಲಿಲ್ಲ. ಗೋಳಿ ಪಲ್ಯ ಬೇಕಾದರೆ ಕುಡಿ ಮಾತ್ರ ಚಿವುಟುತ್ತಿದ್ದಳು. ಒಂದು ಮಧ್ಯಾಹ್ನ ಆ ಪಲ್ಯ, ಬೆಳ್ಳುಳ್ಳಿ ಖಾರ, ಜೋಳದ ರೊಟ್ಟಿ ನನ್ನ ಕೈಗೆ ಕೊಟ್ಟಳು. ಬದುವಿನ ಮೇಲೆ ಕೂತು ತಿಂದೆ. ಅಂಥ ರುಚಿಯ ಪಲ್ಯವನ್ನು ನಾನು ಮತ್ತೆ ತಿಂದಿಲ್ಲ. ಸಂಜೆ ಅತ್ತೆ "ಏನ ತಿಂದಿ?" ಎಂದು ಕೇಳಿದಾಗ, "ಡಬ್ಬಿ ಒಯ್ದಿದ್ನಲ್ಲಾ, ಅದನ್ನ" ಅಂದೆ. ಡಬ್ಬಿಯಲ್ಲಿದ್ದದ್ದನ್ನು ಕಾಲುವೆಗೆ ಚೆಲ್ಲಿ ಬಂದಿದ್ದೆ. ಸುಳ್ಳು ನನಗೆ ಎಷ್ಟು ಸಲೀಸಾಗಿ ಬರುತ್ತಿತ್ತು ಎನ್ನಲು ಇದನ್ನು ಹೇಳಿದೆ.

ಆ ಮೂಲೆ ಅವಳಿಗೆ ಯಾಕೆ ಅಷ್ಟು ಮುಖ್ಯ ಎಂಬುದನ್ನು ಅವಳೇ ಹೇಳಿದ್ದಳು. ಎರಡು ವರ್ಷದಿಂದ ಊರಿನ ಲೆಕ್ಕಿಗ, ತಲಾಠಿ, ಪಹಣಿಯಲ್ಲಿ ಬೆಳೆ ಬರೆಯಲು ಬಂದಾಗ ಅವಳ ಹೊಲಕ್ಕೆ "ಪಡ" ಎಂದು, ಅಂದರೆ ಬೀಳುಬಿದ್ದ ಭೂಮಿ ಎಂದು, ಬರೆದು ಹೋಗಿದ್ದ. ಮೂರನೆಯ ವರ್ಷವೂ ಪಡ ಬಿದ್ದರೆ ಹೊಲ ಕೈಬಿಟ್ಟು ಹೋಗುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು. ಕಾಯಿದೆ ನಿಜಕ್ಕೂ ಹಾಗೆ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಮಾಮಾ ಮಾತ್ರ ಅದನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ. ಕಬ್ಬಿನ ಬಸಿ ನೀರು ಹರಿದುಹೋಗಲು ಆ ಹೊಲದಲ್ಲಿ ಒಂದು ಚರಿ ತೋಡುವುದು ಅವನ ಮನಸ್ಸಿನಲ್ಲಿತ್ತು.

"ಇಡೀ ಹೊಲ ಬ್ಯಾಡ್ರಿ, ಎರಡು ಗುಂಟೆದಾಗ ಜ್ವಾಳ ನಿಂತ್ರ ಸಾಕು, ಅವ್ರು ಜ್ವಾಳ ಅಂತ ಬರೀತಾರ" ಅಂದಿದ್ದಳು. ಅವಳ ಲೆಕ್ಕ ಇದು: ಗಿಡಗಳು ಮಳೆಗಾಲ ಪೂರ್ತಿ ಮಣ್ಣನ್ನು ಮುಚ್ಚಿಕೊಂಡಿದ್ದರೆ ಬಿಸಿಲು ಉಪ್ಪನ್ನು ಮೇಲೆ ಎಳೆಯುವುದಿಲ್ಲ. ಸೆಪ್ಟೆಂಬರ್‌ನ ಉತ್ತರಿ ಮಳೆ ಬಂದಾಗ ಅವನ್ನು ಕೀಳದೆ, ನೆಲಮಟ್ಟಕ್ಕೆ ಕೊಯ್ದು, ಬೇರುಗಳ ನಡುವೆ ಕೈಯಿಂದ ಜೋಳ ಊರಬೇಕು. ಸತ್ತ ಬೇರಿನ ದಾರಿ ಹಿಡಿದು ಮಳೆಯ ನೀರು ಕೆಳಗಿಳಿಯುತ್ತದೆ, ಉಪ್ಪನ್ನೂ ಇಳಿಸುತ್ತದೆ. ಕರಕಿ ಬಂದ ಕಡೆ ಜೋಳ ಬರುತ್ತದೆ ಎಂದು ಅವಳ ಅತ್ತೆ ಹೇಳುತ್ತಿದ್ದಳಂತೆ.

ಆಗಸ್ಟ್‌ನಲ್ಲಿ ಅವಳು ಮಗಳ ಬಾಣಂತನಕ್ಕೆಂದು ದೇಗಾಂವಕ್ಕೆ ಹೊರಟಳು. ಹೋಗುವ ಮುಂಚೆ ನನ್ನನ್ನು ಮೂಲೆಗೆ ಕರೆದೊಯ್ದಳು.

"ಉಳದದ್ದೆಲ್ಲಾ ನಿಮ್ದರಿ ಅಕ್ಕಾರ. ಬೇಕಾದ್ದ ಕೀಳ್ರಿ, ಅಗೀರಿ. ಈ ಮೂಲಿ ಒಂದು ಬಿಡ್ರಿ."

"ಆತು, ಮುಟ್ಟೂದಿಲ್ಲ" ಅಂದೆ.

ಹತ್ತು ದಿನಕ್ಕೆ ಧಾರವಾಡದಿಂದ ಗೈಡ್ ಸರ್ ಕಾಗದ ಬಂತು. ಪ್ರತಿ ಜಾತಿಯ ಮೂವತ್ತು ಗಿಡ, ಬೇರು ಸಹಿತ, ದಟ್ಟವಾಗಿ ಬೆಳೆದ ಜಾಗದಿಂದಲೇ ತೆಗೆದು ತಿಂಗಳೊಳಗೆ ತರಬೇಕು. ಕೀಳುವ ಮುಂಚೆ ಜಾಗದ ಫೋಟೊ ತೆಗೆಯಬೇಕು. ದಟ್ಟವಾಗಿ ಬೆಳೆದ ಜಾಗ ಆ ಹೊಲದಲ್ಲಿ ಒಂದೇ ಇತ್ತು. ಎರಡು ದಿನ ಬೇರೆ ಕಡೆ ಹುಡುಕಾಡುವ ನಾಟಕ ಮಾಡಿದೆ. ಮೂರನೆಯ ದಿನ, ಒಂದು ಚೌಕಟ್ಟಿನಷ್ಟು ತೆಗೆದರೆ ಏನಾಗುತ್ತದೆ ಎಂದುಕೊಂಡು, ಗಿಡ ಎಣಿಸಲೆಂದು ಬಡಿಗ ಮಾಡಿಕೊಟ್ಟಿದ್ದ ಒಂದು ಮೀಟರಿನ ಕಟ್ಟಿಗೆಯ ಚೌಕಟ್ಟನ್ನು ಮೂಲೆಯಲ್ಲಿ ಇಟ್ಟು ಫೋಟೊ ತೆಗೆದೆ. ಮಾಮಾನ ಹೊಲದ ಇಬ್ಬರು ಆಳು ಹೆಂಗಸರನ್ನು ಕರೆತಂದಿದ್ದೆ. ಚೌಕಟ್ಟಿನ ಒಳಗಿನದನ್ನು ಬೇರು ಮುರಿಯದಂತೆ ಕೀಳಿರೆಂದು ಹೇಳಿ, ಜಾಲಿ ಗಿಡದ ನೆರಳಿನಲ್ಲಿ ಕೂತು ಗಿಡಗಳಿಗೆ ಕಟ್ಟುವ ಚೀಟಿ ಬರೆಯತೊಡಗಿದೆ.

ಅವರು ಜನ್ಮವಿಡೀ ಕಸ ಕಿತ್ತವರು. ಕಸ ಕೀಳುವವರು ಚೌಕಟ್ಟು ನೋಡುವುದಿಲ್ಲ, ಸಾಲು ನೋಡುತ್ತಾರೆ. ಅರ್ಧ ಗಂಟೆಗೆ ತಲೆ ಎತ್ತಿದಾಗ ಅವರು ಚೌಕಟ್ಟು ದಾಟಿ ಸಾಲು ಹಿಡಿದು ಮುಂದಕ್ಕೆ ಹೋಗುತ್ತಿದ್ದರು, ಹಿಂದೆ ಕಪ್ಪು ಮಣ್ಣು ಬಯಲಾಗುತ್ತಿತ್ತು. ಹಾಡಿನ ಗುಂಗಿನಲ್ಲಿದ್ದರು. ಕೂಗಿ ನಿಲ್ಲಿಸಬಹುದಿತ್ತು. ಇಷ್ಟು ದಿನ ಜನರಿಗೆ ಈ ಕಥೆಯನ್ನು ಹೇಳುವಾಗ "ನಾನು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು" ಎನ್ನುತ್ತಿದ್ದೆ. ಹಾಗಲ್ಲ. ಅರ್ಧ ಉಳಿದಿತ್ತು. ಕಿತ್ತ ಗಿಡಗಳಲ್ಲಿ ಬಹಳಷ್ಟರ ಬೇರು ಹರಿದಿದ್ದವು, ಹೆಚ್ಚು ಕಿತ್ತರೆ ಒಳ್ಳೆಯ ಮೂವತ್ತನ್ನು ಆರಿಸಿಕೊಳ್ಳಬಹುದು ಎಂಬ ಲೆಕ್ಕ ನನ್ನ ತಲೆಯಲ್ಲಿ ಓಡಿತು. ಮತ್ತೆ ಚೀಟಿ ಬರೆಯತೊಡಗಿದೆ.

ಮುಗಿಸಿದ ಮೇಲೆ ಅವರಲ್ಲೊಬ್ಬಳು ಸೊಂಟ ನೆಟ್ಟಗೆ ಮಾಡಿಕೊಂಡು, "ಹೊಲ ಹೆಂಗ ಹಸನ ಆತು ನೋಡ್ರಿ ಅಕ್ಕಾರ" ಅಂದಳು. ಹೌದು ಅಂದೆ.

ಆಮೇಲೆ ಹದಿನೈದು ದಿನ ಮಳೆಯಿಲ್ಲ. ಬಿಸಿಲು ಚುರುಗುಟ್ಟಿತು. ಬಯಲಾದ ಮಣ್ಣಿನ ಮೇಲೆ ಮೊದಲು ತೇವದ ಕಲೆಗಳು ಕಂಡವು, ಆಮೇಲೆ ಅವುಗಳ ಅಂಚು ಬೆಳ್ಳಗಾಯಿತು. ಒಂದು ಬೆಳಿಗ್ಗೆ ಮೂಲೆಯೆಲ್ಲ ಹಿಟ್ಟು ಚೆಲ್ಲಿದ ಹಾಗೆ ಬಿಳಿಯಾಗಿತ್ತು. ಅದನ್ನೂ ನಾನು ದಿನಾಂಕ ಹಾಕಿ ಬರೆದುಕೊಂಡೆ. ಪ್ರಬಂಧಕ್ಕೆ ಒಳ್ಳೆಯ ಮಾಹಿತಿ.

ಅವಳು ಸೆಪ್ಟೆಂಬರ್‌ನಲ್ಲಿ ಬಂದಳು. ಬಂದವಳೇ ಹೊಲಕ್ಕೆ ಹೋಗಿದ್ದಳು. ನಾನು ಹೋದಾಗ ಮೂಲೆಯ ಬದುವಿನ ಮೇಲೆ ನಿಂತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಅವಳು ಕೇಳುವ ಮುಂಚೆಯೇ ನಾನು ಬಾಯಿ ಬಿಟ್ಟೆ.

"ದನಾ ಹೊಕ್ಕಿದ್ವು ಅನಸ್ತದ. ನಾ ಎರಡು ದಿನ ಬಂದಿರಲಿಲ್ಲ."

ಅವಳು ಬಗ್ಗಿ, ಮಣ್ಣಿನಲ್ಲಿ ಬೆರಳು ಇಟ್ಟು, ಗಿಡ ಎದ್ದುಹೋದ ಒಂದು ತೂತನ್ನು ನೋಡಿದಳು. ಇನ್ನೊಂದನ್ನು ನೋಡಿದಳು. ಆಮೇಲೆ ಕೈ ಕೊಡವಿಕೊಂಡಳು.

"ದನಾ ಬೇರು ಕೀಳೂದಿಲ್ರಿ ಅಕ್ಕಾರ" ಅಂದಳು.

ಬೈಯಲಿಲ್ಲ. ಯಾರು ಕಿತ್ತರು ಎಂದು ಕೇಳಲೂ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಅವಳು ಕೇಳದೆ ಇದ್ದದ್ದು ನನಗೆ ಆಗ ನಿರಾಳವೆನಿಸಿತು. ಅವತ್ತೇ ಸಲಿಕೆ ತಂದು ಮತ್ತೆ ಹೆರೆಯಲು ಕೂತಳು.

ಉತ್ತರಿ ಮಳೆ ಸುಮಾರಾಗಿ ಆಯಿತು. ಅವಳು ಜೋಳ ಊರಿದಳು. ಹುಟ್ಟಿತು, ಆದರೆ ಹತ್ತಕ್ಕೆ ಎರಡು. ಹುಟ್ಟಿದ್ದೂ ನಾಲ್ಕು ಎಲೆಯಾಗುವಷ್ಟರಲ್ಲಿ ತುದಿ ಸುಟ್ಟುಕೊಂಡು ಹಳದಿಯಾಯಿತು. ದಿನಾ ಬೆಳಿಗ್ಗೆ ಕಾಲುವೆಯಿಂದ ಕೊಡದಲ್ಲಿ ನೀರು ತಂದು ಬುಡಕ್ಕೆ ಹಾಕುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಎಣಿಸಿ ಹೇಳಬಹುದಾದಷ್ಟು ಗಿಡ ಉಳಿದಿದ್ದವು.

ತಲಾಠಿ ಬಂದದ್ದು ನಾನು ಧಾರವಾಡಕ್ಕೆ ಮರಳುವ ಹಿಂದಿನ ದಿನ. ಮಾಮಾ ಅವನ ಜೊತೆಗಿದ್ದ. ನಾನು ಅಲ್ಲೇ ಮಣ್ಣಿನ ಪೊಟ್ಟಣ ಕಟ್ಟುತ್ತಿದ್ದೆ. ಅವಳು ಸೆರಗು ಹೊದ್ದು ಮೂಲೆಯಲ್ಲಿ, ತನ್ನ ಜೋಳದ ಪಕ್ಕದಲ್ಲಿ ನಿಂತಿದ್ದಳು. ತಲಾಠಿ ಒಳ್ಳೆಯ ಮನುಷ್ಯ, ನಡು ವಯಸ್ಸಿನವನು. ಆ ಬಡಕಲು ಜೋಳ ನೋಡಿ ಪೆನ್ನು ತೆಗೆಯಲು ಹಿಂಜರಿದ.

"ಸಾಹೇಬ್ರ, ಮಳಿಗಾಲದಾಗ ಈ ಮೂಲಿ ತುಂಬ ಗಿಡ ಇದ್ವು. ಭೂಮಿ ಜೀವ ಐತ್ರಿ. ಅಕ್ಕಾರ್ನ ಕೇಳ್ರಿ, ಅವರು ದಿನಾ ನೋಡ್ಯಾರ" ಅಂದಳು.

ಅವನು ನನ್ನ ಕಡೆ ತಿರುಗಿದ. "ಏನ್ರಿ ಅಕ್ಕಾರ, ನೀವು ಇದನ್ನ ಓದಿದವ್ರು. ಖರೇ ಏನ್ರಿ?"

ಮಾಮಾ ಹಲ್ಲಿಗೆ ಸಿಕ್ಕ ಅಡಿಕೆ ತೆಗೆಯುತ್ತ ನನ್ನನ್ನು ನೋಡಿದ. ಹೌದು ಎನ್ನಲು ಒಂದೇ ಮಾತು ಬೇಕಿತ್ತು. ಹೌದು ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಮತ್ತೆ ಆ ಗಿಡಗಳು ಎಲ್ಲಿ ಹೋದವು?

"ಸವಳು ಭೂಮಿ ಬಗ್ಗೆ ಹಂಗೆಲ್ಲಾ ಖಾತ್ರಿಲೆ ಹೇಳಾಕ ಬರೂದಿಲ್ರಿ" ಅಂದೆ.

ಅವನು ತಲೆಯಾಡಿಸಿ ಪಡ ಎಂದು ಬರೆದುಕೊಂಡ. ಅವಳು ನನ್ನನ್ನು ನೋಡಲಿಲ್ಲ, ಜೋಳದ ಬುಡಕ್ಕೆ ಬಗ್ಗಿ ಏನೋ ಮಣ್ಣು ಸರಿ ಮಾಡಿದಳು.

ಮುಂದಿನ ವರ್ಷ ಪ್ರಬಂಧಕ್ಕೆ ಒಳ್ಳೆಯ ಅಂಕ ಬಂದವು. ರಟ್ಟು ಹಾಕಿಸಿದ ಒಂದು ಪ್ರತಿಯನ್ನು ಮಾಮಾನಿಗೆ ಕೊಡಲು ಬೇಸಿಗೆಯಲ್ಲಿ ಮತ್ತೆ ಹೋದೆ. ಬಸ್ಸಿಳಿದು ಕಾಲುವೆ ದಂಡೆ ಹಿಡಿದು ನಡೆದರೆ ಆ ಎರಡು ಎಕರೆಯ ನಡುವೆ ಉದ್ದಕ್ಕೆ ಚರಿ ತೋಡಿದ್ದರು, ಕಬ್ಬಿನ ನೀರು ಅದರಲ್ಲಿ ಹರಿಯುತ್ತಿತ್ತು. ಮೇಲಿನ ಹೊಲದಲ್ಲಿ ಆಳುಗಳು ಕಬ್ಬಿನ ಸಾಲಿನ ಕಸ ಕೀಳುತ್ತಿದ್ದರು. ಅವಳೂ ಅವರಲ್ಲಿದ್ದಳು.

ನನ್ನನ್ನು ಕಂಡು ಎದ್ದು ಬಂದಳು. ಮಗಳ ಕೂಸಿನ ಸುದ್ದಿ ಹೇಳಿದಳು, ನನ್ನ ಅಪ್ಪ ಅವ್ವನ ಆರೋಗ್ಯ ಕೇಳಿದಳು. ಕೈಯಲ್ಲಿದ್ದ ಪುಸ್ತಕ ನೋಡಿ, "ನೀವು ಬರದದ್ದು ಇದ ಏನ್ರಿ? ನನ್ನ ಮೂಲಿ ಬಂದೈತೇನ್ರಿ ಇದರಾಗ?" ಅಂದಳು.

ತೆರೆದು ತೋರಿಸಿದೆ. ಇಡೀ ಪುಟದ ಕಪ್ಪು ಬಿಳುಪು ಫೋಟೊ. ಆಗಸ್ಟ್‌ನ ಮೂಲೆ, ನೆಲ ಕಾಣದಷ್ಟು ದಟ್ಟವಾದ ಗಿಡ, ನಡುವೆ ಕಟ್ಟಿಗೆಯ ಚೌಕಟ್ಟು. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು, ಮುಟ್ಟದೆಯೇ ಬೆರಳನ್ನು ಅದರ ಮೇಲೆ ಆಡಿಸಿದಳು. ಮೊದಲನೇದು, ಗೋಳಿ, ಕರಕಿ ಎಂದು ಎಣಿಸಿದಳು.

"ಕೆಳಗ ಏನ ಬರದೈತ್ರಿ?"

"ಗಿಡದ ಹೆಸರು" ಅಂದೆ. ಅಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದು ಮಾಮಾನ ಹೆಸರು, ಅವನ ಹೊಲದ ಸವಳು ಭೂಮಿ ಎಂದು. ಜಾಗ ಒದಗಿಸಿದ್ದಕ್ಕೆ ಮೊದಲ ಪುಟದಲ್ಲಿ ಅವನಿಗೆ ಕೃತಜ್ಞತೆಯೂ ಇತ್ತು. ಅವಳ ಬಗ್ಗೆ ಎಲ್ಲೂ ಒಂದು ಅಕ್ಷರವಿಲ್ಲ.

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಕೇಳಿದಳು, ಸಿಟ್ಟಿಲ್ಲದೆ, ತಿಳಿದುಕೊಳ್ಳುವವಳ ಹಾಗೆ:

"ತಲಾಠಿಯವ್ರು ಬಂದಾಗ ಈ ಪಟಾ ನಿಮ್ಮ ಕಡೆ ಇತ್ತೇನ್ರಿ?"

ಇತ್ತು. ಧಾರವಾಡದಲ್ಲಿ ತೊಳೆಸಿದ ಫೋಟೊಗಳು ಅಕ್ಟೋಬರ್‌ನಲ್ಲಿಯೇ ಟಪಾಲಿನಲ್ಲಿ ಬಂದು ಅತ್ತೆಯ ಮನೆಯ ನನ್ನ ಟ್ರಂಕಿನಲ್ಲಿದ್ದವು. ಅವತ್ತು ಅವು ನೆನಪಾಗಲಿಲ್ಲ ಎಂದು ನನ್ನನ್ನೇ ನಂಬಿಸಿಕೊಂಡಿದ್ದೆ. ನೆನಪಾಗಿದ್ದವು. ಹೊಲದಿಂದ ಮನೆಗೆ ಹತ್ತು ನಿಮಿಷದ ದಾರಿ.

"ಇರಲಿಲ್ಲ" ಅಂದೆ.

"ಹೌದೇನ್ರಿ" ಅಂದಳು. ನಂಬಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಪುಟದ ಕಡೆ ಬೆರಳು ತೋರಿಸಿ ಕೇಳಿದಳು, "ಈ ಒಂದು ಹಾಳಿ ಹರದು ನನಗ ಕೊಡ್ತೀರೇನ್ರಿ? ಮಗಳಿಗೆ ತೋರಸ್ತೇನಿ. ಹೊಲಾ ಹಿಂಗಿತ್ತು ಅಂತ."

ಅವಳ ಮಗಳು ಸಾಲಿ ಕಲಿತವಳು, ಇಂಗ್ಲಿಷ್ ಅಕ್ಷರ ಕೂಡಿಸಿ ಒಂದು ಹೆಸರನ್ನಾದರೂ ಓದಬಲ್ಲಳು. "ಪುಸ್ತಕ ಕೆಡ್ತದ" ಅಂದೆ. "ಧಾರವಾಡಕ್ಕ ಹೋಗಿ ಬ್ಯಾರೆ ಪ್ರತಿ ಕಳಸ್ತೇನಿ."

ಕಳಿಸಲಿಲ್ಲ. ಅವಳು ಕಬ್ಬಿನ ಸಾಲಿಗೆ ಮರಳಿದಳು, ನಾನು ಮಾಮಾನ ಮನೆಗೆ ಹೋದೆ. ಪುಸ್ತಕವನ್ನು ಮಾಮಾ ಕೈಯಲ್ಲಿ ತೂಗಿ ನೋಡಿ, "ಭಾಳ ಭಾರ ಐತಿ" ಎಂದು ನಕ್ಕು ಅತ್ತೆಗೆ ಕೊಟ್ಟ. ಹತ್ತಾರು ವರ್ಷ ಅತ್ತೆಯ ಮನೆಗೆ ಹೋಗಿ ಬಂದಿದ್ದೇನೆ. ಆ ಪುಸ್ತಕ ಅಡುಗೆಮನೆಯ ಮಾಡದಲ್ಲಿ ಉಪ್ಪಿನಕಾಯಿಯ ಭರಣಿ ಅಲುಗದಂತೆ ಅದರ ಅಡಿಗೆ ಇರುತ್ತಿತ್ತು. ಯಾರೂ ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಅವತ್ತು ಆ ಹಾಳೆ ಹರಿದು ಕೊಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.